ಸಕ್ಕರೆ ಹೊದ್ದ ಕಣಗಳು: ಲ್ಯಾಬಿನ ಕೆಲವು ಪಾಠಗಳು

ಪಿಎಲ್‌ಜಿಎ ಪಾಲಿಮರಿನ ನ್ಯಾನೊ ಕಣದೊಳಗೆ ಕೀಮೋ ಔಷಧ ತುಂಬಿ, ಮೇಲೆ ಸಕ್ಕರೆ ಅಣುಗಳ ಹೊದಿಕೆ ಕಟ್ಟುವುದು ನನ್ನ ಕೆಲಸ. ಹೊಸದಾಗಿ ಬರುವವರಿಗೆ ಹೇಳುವುದು ಇಷ್ಟು.

1. "ಕ್ಯಾನ್ಸರ್‌ಗೆ ಸಕ್ಕರೆ ಇಷ್ಟ ಅಂತಲೇ ಸಕ್ಕರೆ ಬಳಿಯುತ್ತೀರಾ?" ನೆಂಟರೂ ಕೇಳುತ್ತಾರೆ, ಎಂ.ಎಸ್ಸಿ. ಹುಡುಗರೂ ಕೇಳುತ್ತಾರೆ. ಅಲ್ಲ. ಗೆಡ್ಡೆ ಗ್ಲೂಕೋಸನ್ನು ಜಾಸ್ತಿ ಎಳೆದುಕೊಳ್ಳುವುದು ನಿಜ, ಪೆಟ್ ಸ್ಕ್ಯಾನ್ ನಡೆಯುವುದೇ ಅದರ ಮೇಲೆ. ಆದರೆ ಗ್ಲೂಕೋಸ್ ಅಣು ನುಸುಳುವ ಕಿಂಡಿಯಲ್ಲಿ 100 ನ್ಯಾನೊಮೀಟರ್ ಕಣ ನುಸುಳದು. ಹೊದಿಕೆ ಇರುವುದು ರಕ್ತದ ಪ್ರೋಟೀನು ಅಂಟದಂತೆ ತಡೆಯಲು, ಮತ್ತೆ ಜೀವಕೋಶದ ಮೇಲಿನ ರಿಸೆಪ್ಟರ್ ಹಿಡಿಯಲು. ಹಯಲುರಾನಿಕ್ ಆಮ್ಲ ಸಿಡಿ44 ಎಂಬ ರಿಸೆಪ್ಟರನ್ನು ಹಿಡಿಯುತ್ತದೆ, ಗ್ಯಾಲಕ್ಟೋಸ್ ಲಿವರ್ ಕೋಶವನ್ನು, ಮ್ಯಾನೋಸ್ ಮ್ಯಾಕ್ರೊಫೇಜನ್ನು.

2. ಪಿಕೆ2 ಕಥೆ ಓದದೆ ಗ್ಯಾಲಕ್ಟೋಸ್ ಮುಟ್ಟಬೇಡಿ. ಅದು ಕಣವಲ್ಲ, ಪಾಲಿಮರ್ ಎಳೆಗೆ ಡಾಕ್ಸೊರುಬಿಸಿನ್ ಮತ್ತು ಗ್ಯಾಲಕ್ಟೋಸಮೀನ್ ಎರಡನ್ನೂ ಕಟ್ಟಿದ ಔಷಧ. ಬ್ರಿಟನ್ನಿನಲ್ಲಿ ಲಿವರ್ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಒಂದು ದಿನದ ಮೇಲೆ ಔಷಧದ ಸುಮಾರು 17% ಲಿವರಿನಲ್ಲಿತ್ತು. ಗೆಡ್ಡೆಯಲ್ಲಿ ಸಿಕ್ಕದ್ದು ಸುಮಾರು 3%. ಸಕ್ಕರೆ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಆರೋಗ್ಯವಾದ ಲಿವರಿನಲ್ಲೂ ಗ್ಯಾಲಕ್ಟೋಸ್ ಹಿಡಿಯುವ ಅದೇ ರಿಸೆಪ್ಟರ್ ಧಾರಾಳವಾಗಿದೆ, ಅಷ್ಟೆ. ಬರಿಯ ಡಾಕ್ಸೊರುಬಿಸಿನ್ ಕೊಟ್ಟಾಗ ಗೆಡ್ಡೆಗೆ ಸೇರುವುದಕ್ಕಿಂತ ಆ 3% ಎಷ್ಟೋ ಮೇಲು ಎಂಬುದನ್ನೂ ಸೇರಿಸಿ ಹೇಳಬೇಕು. ಇದನ್ನು ಸೋಲೆಂದು ಪಾಠ ಮಾಡುವವರ ಜೊತೆ ನನಗೆ ತಕರಾರಿದೆ.

3. ಎನ್‌ಎಂಆರ್ ನೋಡಿ ಸಕ್ಕರೆ ಇದೆ ಎಂದು ಹಿಗ್ಗಬೇಡಿ. ಇದೆ, ಆದರೆ ಹೊರಗಿದೆಯೋ ಪಾಲಿಮರಿನೊಳಗೆ ಹುದುಗಿದೆಯೋ? ಮ್ಯಾನೋಸ್ ಕಣಕ್ಕೆ ಜಾಕ್‌ಬೀನ್ ಕಾಳಿನ ಲೆಕ್ಟಿನ್ (ಸಕ್ಕರೆಗೆ ಅಂಟುವ ಪ್ರೋಟೀನು) ಕಾನ್ಎ ಹಾಕಿ. ಸಕ್ಕರೆ ಹೊರಗಿದ್ದರೆ ಕಣಗಳು ಒಂದಕ್ಕೊಂದು ಕಚ್ಚಿಕೊಂಡು ದ್ರಾವಣ ಕದಡುತ್ತದೆ. ಮೇಲೆ ಬಿಡಿ ಮ್ಯಾನೋಸ್ ಸುರಿದರೆ ತಿಳಿಯಾಗಬೇಕು. ಆಗದಿದ್ದರೆ ಅದು ಬೇರೆ ಕಾರಣದ ಗಂಟು. ಅಗ್ಗದ ಪರೀಕ್ಷೆ, ಅದಕ್ಕೇ ಯಾರಿಗೂ ಅಕ್ಕರೆಯಿಲ್ಲ. ಆಮೇಲೆ ಕಣವನ್ನು ಸೀರಮ್ಮಿನಲ್ಲಿ ನೆನೆಸಿ, ತೊಳೆದು, ಇದನ್ನೇ ಇನ್ನೊಮ್ಮೆ ಮಾಡಿ. ಬಫರಿನಲ್ಲಿ ಚುರುಕಾಗಿದ್ದ ಸಕ್ಕರೆ ಪ್ರೋಟೀನಿನಡಿ ಮುಚ್ಚಿಹೋಗಿರಬಹುದು.

4. ಹೊದಿಕೆಗೆ ಬಳಸುವ ಕೈಟೋಸಾನ್ ಬರುವುದು ಸಿಗಡಿ, ಏಡಿ ಚಿಪ್ಪಿನಿಂದ. ಡೆಕ್ಸ್‌ಟ್ರಾನ್ ಮಾಡುವ ಲ್ಯೂಕೊನೊಸ್ಟಾಕ್ ನಮ್ಮ ಇಡ್ಲಿ ಹಿಟ್ಟಿನಲ್ಲೂ ಇರುತ್ತದೆ. ಇಂಥ ಸರಕಿನಲ್ಲಿ ಲಾಟ್ ಬದಲಾದರೆ ಅಣುತೂಕ ಬದಲಾಗುತ್ತದೆ, ಬ್ಯಾಕ್ಟೀರಿಯಾದ ಎಂಡೊಟಾಕ್ಸಿನ್ ಸೇರಿರಲೂಬಹುದು. ಇಲಿಗೆ ಚುಚ್ಚುವ ಮೊದಲು ಎರಡನ್ನೂ ಅಳೆಯಿರಿ, ಇಲ್ಲವಾದರೆ ಕೊಳೆಯಿಂದಾದ ಉರಿಯೂತವನ್ನು ಔಷಧದ ಗುಣವೆಂದು ಬರೆದುಬಿಡುತ್ತೀರಿ.

5. ಫ್ರೀಜ್ ಡ್ರೈ ಮಾಡುವಾಗ ಕಣಗಳನ್ನು ಕಾಯಲು ಟ್ರೆಹಲೋಸಿನಂಥದ್ದೊಂದು ಬೇಕೇ ಬೇಕು. ಹೊದಿಕೆಯ ಸಕ್ಕರೆಯೇ ಸಾಕೆಂದುಕೊಳ್ಳಬೇಡಿ.

6. ಹತ್ತು ವರ್ಷದ ಪ್ರಬಂಧಗಳನ್ನು ಜರಡಿ ಹಿಡಿದ ಟೊರಾಂಟೊ ತಂಡ 2016ರಲ್ಲಿ ಒಂದು ಲೆಕ್ಕ ಕೊಟ್ಟಿತು: ಚುಚ್ಚಿದ ನ್ಯಾನೊ ಕಣಗಳಲ್ಲಿ ಗೆಡ್ಡೆ ಸೇರುವುದು, ಮಧ್ಯಾಂಕ ಹಿಡಿದರೆ, 0.7%. ಹಾಗಾಗಿ ಯಾರಾದರೂ ಬಣ್ಣ ಕಟ್ಟಿದ ಕಣ ಚುಚ್ಚಿ, ಹೊಳೆಯುವ ಇಲಿಯ ಚಿತ್ರ ತಂದರೆ ನಾನು ಮೊದಲು ಕೇಳುವುದು: ಹೊಳೆಯುತ್ತಿರುವುದು ಕಣವೋ, ಅದರಿಂದ ಕಳಚಿದ ಬಣ್ಣವೋ? ಚುಚ್ಚಿದ್ದರಲ್ಲಿ ಶೇಕಡಾ ಎಷ್ಟು? ಲಿವರ್ ಮತ್ತು ಗುಲ್ಮದ ಲೆಕ್ಕ ಎಲ್ಲಿ?