ಹುಚ್ಚುನಾಯಿಯ ಕಡಿತವೂ ಅದರ ಲಸಿಕೆಯ ಚರಿತ್ರೆಯೂ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ನನ್ನ ಹದಿನಾಲ್ಕು ಸೂಜಿಗಳ ಕಥೆಯನ್ನು ಬಲ್ಲರು. ನಾನು ಚಿಕ್ಕವಳಾಗಿದ್ದಾಗ ತೋಟದ ನಾಯಿಯೊಂದು ನನ್ನ ಕಾಲನ್ನು ಕಚ್ಚಿತು. ದಿನಕ್ಕೊಂದರಂತೆ ಹದಿನಾಲ್ಕು ದಿನಗಳ ವರೆಗೆ ತಂದೆಯವರು ನನ್ನನ್ನು ಆಸ್ಪತ್ರೆಗೆ ಕರೆದೊಯ್ದರು. ಹದಿನಾಲ್ಕು ಸಲವೂ ಹೊಟ್ಟೆಯ ಮೇಲೆ ಚುಚ್ಚಿಸಿಕೊಂಡೆನು. ಮಳೆಗಾಲದ ಸಂಜೆ ದೀಪ ಆರಿಹೋದಾಗಲೆಲ್ಲ ವಿದ್ಯಾರ್ಥಿನಿಲಯದ ಹುಡುಗಿಯರು ನನ್ನನ್ನು ಸುತ್ತುವರಿದು ಈ ಕಥೆಯನ್ನು ಕೇಳುತ್ತಿದ್ದರು. ನಾನೂ ಸೂಜಿಯ ಉದ್ದವನ್ನು ಪ್ರತಿ ವರ್ಷವೂ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಬಂದೆನೆಂದು ಈಗ ಒಪ್ಪಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ರಜೆಯಿಂದ ಹಿಂದಿರುಗಿದವಳು ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ತಿರುಗುತ್ತಿದ್ದಳು. ವಿಚಾರಿಸಲಾಗಿ, ಆರು ದಿನಗಳ ಹಿಂದೆ ಬೀದಿಯ ನಾಯಿಮರಿಯೊಂದು ಕಚ್ಚಿತ್ತೆಂದೂ, ಮರಿಯು ಆಮೇಲೆ ಕಾಣಿಸಲಿಲ್ಲವೆಂದೂ, ಗಾಯಕ್ಕೆ ತಾನೇ ಕಾಫಿಪುಡಿಯನ್ನು ಒತ್ತಿದಳೆಂದೂ ತಿಳಿಯಿತು. “ಮನೆಯಲ್ಲಿ ಏಕೆ ಹೇಳಲಿಲ್ಲವಮ್ಮಾ?” ಎಂದು ಕೇಳಿದೆನು. “ಹೇಳಿದರೆ ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚುತ್ತಾರಲ್ಲ, ಟೀಚರ್. ನೀವೇ ಹೇಳಿದ್ದಿರಿ” ಎಂದಳು.

ಆ ಮಾತಿನಿಂದ ನನಗಾದ ಭಯವನ್ನು ಇಂದಿಗೂ ಮರೆತಿಲ್ಲ. ಒಡನೆಯೇ ಅವಳನ್ನು ಆಸ್ಪತ್ರೆಗೆ ಕರೆದೊಯ್ದೆವು. ಅವಳು ಕ್ಷೇಮವಾಗಿದ್ದಾಳೆ. ಆದರೆ ಅರ್ಧವಾಗಿ ಹೇಳಿದ ಚರಿತ್ರೆಯು ಎಷ್ಟು ಅಪಾಯಕರವೆಂಬುದನ್ನು ಅಂದು ಕಲಿತೆನು. ಆದುದರಿಂದ ಈ ಸಂಚಿಕೆಯ ಮೂಲಕ, ಈಗ ತಾಯಂದಿರಾಗಿರುವ ನನ್ನ ವಿದ್ಯಾರ್ಥಿನಿಯರಿಗೂ ಮಾನ್ಯ ತಂದೆತಾಯಿಗಳಿಗೂ ಆ ಪಾಠವನ್ನು ಪೂರ್ತಿಯಾಗಿ ಒಪ್ಪಿಸುತ್ತೇನೆ.

ರೋಗದ ಸ್ವರೂಪ

ರೇಬೀಸ್ ಎಂಬುದು ಒಂದು ವೈರಸ್ಸಿನಿಂದ ಉಂಟಾಗುವ ರೋಗ. ರೋಗ ಹಿಡಿದ ಪ್ರಾಣಿಯ ಜೊಲ್ಲಿನಲ್ಲಿ ಈ ವೈರಸ್ಸು ಇರುತ್ತದೆ. ನಾಯಿಯಿಂದ ಮಾತ್ರವಲ್ಲದೆ ಬೆಕ್ಕು, ನರಿ, ಮುಂಗುಸಿ ಮೊದಲಾದ ಪ್ರಾಣಿಗಳಿಂದಲೂ ಇದು ಬರಬಹುದು. ಆದರೆ ಮನುಷ್ಯರಿಗೆ ತಗಲುವ ರೋಗದಲ್ಲಿ ನೂರಕ್ಕೆ 99 ಪಾಲು ನಾಯಿಯಿಂದಲೇ ಬಂದುದು. ಕಚ್ಚಿದ ಗಾಯದ ಮೂಲಕ ಒಳಹೊಕ್ಕ ವೈರಸ್ಸು ರಕ್ತದಲ್ಲಿ ಹರಿಯುವುದಿಲ್ಲ. ಅದು ನರವನ್ನು ಹಿಡಿದು, ಕಾಲ್ನಡೆಯ ಪ್ರಯಾಣಿಕನಂತೆ ನಿಧಾನವಾಗಿ ಬೆನ್ನುಹುರಿಗೂ ಅಲ್ಲಿಂದ ಮಿದುಳಿಗೂ ಸಾಗುತ್ತದೆ. ಈ ಪ್ರಯಾಣಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುವುದು. ಒಂದು ವಾರದೊಳಗೆ ಮುಗಿಯುವುದೂ ಒಂದು ವರ್ಷಕ್ಕೆ ಮೀರುವುದೂ ಅಪರೂಪವಾಗಿ ಉಂಟು. ಮುಖ, ಕತ್ತು, ಕೈಗಳ ಮೇಲಿನ ಗಾಯಗಳಲ್ಲಿ ಅಪಾಯ ಹೆಚ್ಚು. ಮಕ್ಕಳು ಗಿಡ್ಡವಾಗಿರುವುದರಿಂದ ಅವರಿಗೆ ಇಂಥ ಕಡಿತಗಳೇ ಹೆಚ್ಚಾಗಿ ಆಗುತ್ತವೆ.

ಮಿದುಳನ್ನು ಸೇರಿದ ಬಳಿಕ ಜ್ವರ, ಗಾಯದ ಸ್ಥಳದಲ್ಲಿ ಜುಮ್ಮೆನ್ನುವಿಕೆ, ತಳಮಳ ಇವು ತೋರುತ್ತವೆ. ಆಮೇಲೆ ನೀರನ್ನು ಕುಡಿಯಹೋದರೆ ಗಂಟಲು ಬಿಗಿದುಕೊಳ್ಳುವುದು. ಕೊನೆಗೆ ನೀರನ್ನು ಕಂಡರೇ ರೋಗಿಯು ನಡುಗುವನು. ಈ ಕಾರಣದಿಂದಲೇ ಇದಕ್ಕೆ ಜಲಭೀತಿ ಎಂಬ ಹೆಸರು ಬಂದಿತು. ಇಷ್ಟು ಲಕ್ಷಣಗಳು ಕಂಡ ಮೇಲೆ ಗುಣಪಡಿಸುವ ಔಷಧವು ಇಂದಿಗೂ ಇಲ್ಲ. ಬದುಕಿದವರು ಬೆರಳೆಣಿಕೆಯಷ್ಟು, ಅವರಲ್ಲಿಯೂ ಬಹುಮಂದಿಗೆ ತೀವ್ರವಾದ ಅಂಗವೈಕಲ್ಯ ಉಳಿದಿದೆ.

ಆದರೆ ಓದುಗರು ಒಂದು ವಿಷಯವನ್ನು ಲಕ್ಷ್ಯವಿಟ್ಟು ಗಮನಿಸಬೇಕು. ಕಡಿತಕ್ಕೂ ರೋಗಕ್ಕೂ ನಡುವೆ ಒಂದು ಅವಧಿಯು ಇದೆ. ಶತ್ರುವು ದಾರಿಯಲ್ಲಿರುವಾಗಲೇ ಕೋಟೆಯ ಬಾಗಿಲನ್ನು ಭದ್ರಪಡಿಸಬಹುದು. ಲಸಿಕೆಯ ಚರಿತ್ರೆಯೆಲ್ಲವೂ ಈ ಅವಧಿಯನ್ನು ಬಳಸಿಕೊಂಡವರ ಚರಿತ್ರೆಯೇ ಆಗಿದೆ.

ಪೂರ್ವಕಾಲದ ತಿಳಿವಳಿಕೆ

ನಮ್ಮ ದೇಶದ ವೈದ್ಯರು ಈ ರೋಗವನ್ನು ಬಹು ಹಿಂದೆಯೇ ಗುರುತಿಸಿದ್ದರು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಹುಚ್ಚುಪ್ರಾಣಿಯ ಕಡಿತವೂ ‘ಜಲತ್ರಾಸ’ವೂ ವರ್ಣಿತವಾಗಿವೆ, ನೀರಿಗೆ ಅಂಜುವ ರೋಗಿಯು ಉಳಿಯುವುದಿಲ್ಲವೆಂದೂ, ಗಾಯವನ್ನು ಹಿಂಡಿ ಕಾದ ತುಪ್ಪದಿಂದ ಸುಡಬೇಕೆಂದೂ ಅಲ್ಲಿ ಹೇಳಿದೆ. ಯುರೋಪಿನಲ್ಲಿಯೂ ಕಾಯಿಸಿದ ಕಬ್ಬಿಣದಿಂದ ಗಾಯವನ್ನು ಸುಡುವುದೇ ಪದ್ಧತಿಯಾಗಿದ್ದಿತು. 1804ರಲ್ಲಿ ಜರ್ಮನಿಯ ತ್ಸಿಂಕೆ ಎಂಬಾತನು ರೋಗಗ್ರಸ್ತ ನಾಯಿಯ ಜೊಲ್ಲನ್ನು ಆರೋಗ್ಯವಾದ ಪ್ರಾಣಿಗೆ ಹಚ್ಚಿ ರೋಗವು ಹರಡುವುದನ್ನು ತೋರಿಸಿದನು. 1879ರಲ್ಲಿ ಫ್ರಾನ್ಸಿನ ಪಶುವೈದ್ಯ ಗಾಲ್ಟಿಯೇ ಎಂಬಾತನು ಮೊಲಗಳಿಗೆ ಈ ರೋಗವನ್ನು ದಾಟಿಸಿ, ಪ್ರಯೋಗಶಾಲೆಯಲ್ಲಿ ಅದನ್ನು ಪರೀಕ್ಷಿಸಲು ಅನುಕೂಲ ಮಾಡಿಕೊಟ್ಟನು.

ಪಾಶ್ಚರನೂ ಇಬ್ಬರು ಮಕ್ಕಳೂ

ಪ್ಯಾರಿಸ್ಸಿನ ಲೂಯಿ ಪಾಶ್ಚರನು ರೋಗಾಣುವನ್ನು ಕಣ್ಣಿನಿಂದ ಕಂಡವನಲ್ಲ. ಆ ಕಾಲದ ಸೂಕ್ಷ್ಮದರ್ಶಕಕ್ಕೆ ಅದು ಗೋಚರವಾಗುತ್ತಿರಲಿಲ್ಲ. ಆದಾಗ್ಯೂ ಅದು ನರಗಳಲ್ಲಿ ವಾಸಿಸುವುದೆಂದು ತಿಳಿದು, ಅವನೂ ಸಹೋದ್ಯೋಗಿಯಾದ ಎಮಿಲ್ ರೂ ಎಂಬಾತನೂ ರೋಗದಿಂದ ಸತ್ತ ಮೊಲದ ಬೆನ್ನುಹುರಿಯನ್ನು ತೇವವಿಲ್ಲದ ಗಾಳಿಯಿರುವ ಸೀಸೆಯಲ್ಲಿ ತೂಗುಹಾಕಿ ಒಣಗಿಸಿದರು. ದಿನಗಳು ಕಳೆದಂತೆ ಅದರ ವಿಷಶಕ್ತಿಯು ಕುಗ್ಗಿ, ಸುಮಾರು ಹದಿನಾಲ್ಕು ದಿನಗಳಲ್ಲಿ ನಷ್ಟವಾಗುತ್ತಿದ್ದಿತು. ಮೊದಲು ಬಹಳ ಒಣಗಿದುದನ್ನೂ ಬಳಿಕ ದಿನದಿನಕ್ಕೆ ಹಸಿಯಾದುದನ್ನೂ ಚುಚ್ಚುತ್ತ ಬಂದರೆ ನಾಯಿಗಳಲ್ಲಿ ರೋಗನಿರೋಧಕ ಶಕ್ತಿಯು ಹುಟ್ಟುವುದೆಂದು ಅವರು ಕಂಡರು.

1885ರ ಜುಲೈ 4ರಂದು ಅಲ್ಸೇಸ್ ಪ್ರಾಂತ್ಯದ ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಬಾಲಕನನ್ನು ನಾಯಿಯು ಹಲವು ಕಡೆ ಕಚ್ಚಿತು. ಅವನ ತಾಯಿಯು ತಡಮಾಡದೆ ಮಗನನ್ನು ಪ್ಯಾರಿಸ್ಸಿಗೆ ಕರೆತಂದಳು. ಪಾಶ್ಚರನು ವೈದ್ಯನಲ್ಲ, ಅಲ್ಲಿಯ ವರೆಗೆ ನಾಯಿಗಳಲ್ಲಿ ಪರೀಕ್ಷಿಸಿದುದನ್ನು ಮಗುವಿನ ಮೇಲೆ ಪ್ರಯೋಗಿಸಲು ಅವನ ಮನಸ್ಸು ಬಹಳವಾಗಿ ಹಿಂಜರಿಯಿತು. ಕೊನೆಗೆ ಇಬ್ಬರು ವೈದ್ಯರ ಅಭಿಪ್ರಾಯವನ್ನು ಪಡೆದು, ಜುಲೈ 6ರ ಸಂಜೆ ಡಾಕ್ಟರ್ ಗ್ರಾಂಶೇ ಅವರ ಕೈಯಿಂದ ಮೊದಲ ಚುಚ್ಚುಮದ್ದನ್ನು ಕೊಡಿಸಿದನು. ಜುಲೈ 16ರ ವರೆಗೆ ಒಟ್ಟು 13 ಚುಚ್ಚುಮದ್ದುಗಳಾದುವು. ಬಾಲಕನು ಬದುಕಿದನು.

ಈ ಕಥೆಯನ್ನು ನಮ್ಮ ಪಾಠಪುಸ್ತಕಗಳಲ್ಲಿ ಎಲ್ಲರೂ ಓದಿರುವರು. ಅದೇ ವರ್ಷದ ಇನ್ನೊಂದು ಮಗುವಿನ ಕಥೆಯನ್ನು ಓದಿದವರು ಕಡಮೆ. ಲೂಯೀಸ್ ಪೆಲೆಟಿಯೇ ಎಂಬ 10 ವರ್ಷದ ಬಾಲಕಿಯನ್ನು ಅಕ್ಟೋಬರ್ 3ರಂದು ನಾಯಿಯು ಕಚ್ಚಿತ್ತು. ತಲೆಯಲ್ಲಿ ಆಳವಾದ ಗಾಯವಾಗಿದ್ದಿತು. ಅವಳನ್ನು ಪಾಶ್ಚರನ ಬಳಿಗೆ ತಂದುದು ನವೆಂಬರ್ 9ರಂದು. ಎಂದರೆ 37 ದಿನಗಳು ಕಳೆದ ಮೇಲೆ. ಕಾಲವು ಮೀರಿತೆಂದು ಅವನು ಬಲ್ಲನು. ಆದರೂ ತಂದೆತಾಯಿಗಳ ಕಣ್ಣೀರನ್ನು ನೋಡಲಾರದೆ ಚಿಕಿತ್ಸೆಯನ್ನು ಕೈಕೊಂಡನು. ಡಿಸೆಂಬರಿನ ಆದಿಯಲ್ಲಿ ಆ ಬಾಲಕಿಯು ತೀರಿಕೊಂಡಳು. ಔಷಧವು ಒಂದೇ, ವೈದ್ಯಶಾಲೆಯು ಒಂದೇ. ಬಾಲಕನನ್ನು ಎರಡು ದಿನಗಳಲ್ಲಿ ಕರೆತಂದರು. ಬಾಲಕಿಯನ್ನು 37 ದಿನಗಳ ಮೇಲೆ ಕರೆತಂದರು.

ನಮ್ಮ ದೇಶಕ್ಕೆ ಲಸಿಕೆ ಬಂದ ಬಗೆ

ಭಾರತದ ಮೊದಲನೆಯ ಪಾಶ್ಚರ್ ಸಂಸ್ಥೆಯು 1900ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಸ್ಥಾಪಿತವಾಯಿತು. ದಕ್ಷಿಣ ದೇಶದವರಿಗೆ ಅದು ಬಹು ದೂರ. ಚಿಕಿತ್ಸೆ ದೊರೆಯದೆ 1902ರಲ್ಲಿ ಯುವತಿಯೊಬ್ಬಳು ಜಲಭೀತಿಯಿಂದ ಮೃತಳಾದುದು ಅನೇಕರ ಮನಸ್ಸನ್ನು ಕಲಕಿತು. ಅಮೇರಿಕದ ಹೆನ್ರಿ ಫಿಪ್ಸ್ ಎಂಬ ಉದಾರಿಯ ದಾನದ ಹಣದಿಂದ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆಯು ತೆರೆಯಲ್ಪಟ್ಟಿತು. ಆ ದಿನಗಳಲ್ಲಿ ನಮ್ಮ ಮಲೆನಾಡಿನಲ್ಲಿ ಹುಚ್ಚುನಾಯಿ ಕಚ್ಚಿದವನು ಚಿಕಿತ್ಸೆ ಬಯಸಿದರೆ ಈ ಘಟ್ಟವನ್ನು ಇಳಿದು ಆ ಘಟ್ಟವನ್ನು ಹತ್ತಬೇಕಾಗಿದ್ದಿತು.

ಈ ದೂರವನ್ನು ಕಡಮೆ ಮಾಡಿದವನು ಕಸೌಲಿಯ ಡೇವಿಡ್ ಸೆಂಪಲ್. ಅವನು 1911ರಲ್ಲಿ ಕುರಿಯ ಮಿದುಳಿನಲ್ಲಿ ಬೆಳೆಸಿದ ವೈರಸ್ಸನ್ನು ಕಾರ್ಬಾಲಿಕ್ ಆಮ್ಲದಿಂದ ಕೊಂದು ಲಸಿಕೆಯನ್ನು ಸಿದ್ಧಪಡಿಸಿದನು. ಸತ್ತ ವೈರಸ್ಸಾದುದರಿಂದ ಇದನ್ನು ಸೀಸೆಗಳಲ್ಲಿ ತುಂಬಿ ದೂರದ ಆಸ್ಪತ್ರೆಗಳಿಗೆ ಕಳುಹಿಸುವುದು ಸಾಧ್ಯವಾಯಿತು. ರೋಗಿಯು ಲಸಿಕೆಯನ್ನು ಹುಡುಕಿಕೊಂಡು ಹೋಗುವ ಬದಲು ಲಸಿಕೆಯೇ ರೋಗಿಯ ಬಳಿಗೆ ಬಂದಿತು. ನನ್ನ ಹೊಟ್ಟೆಯ ಮೇಲೆ ಚುಚ್ಚಿದುದೂ ಈ ಲಸಿಕೆಯೇ. ಒಂದೊಂದು ಸಲಕ್ಕೂ ಬಹಳ ಪ್ರಮಾಣದಲ್ಲಿ ಕೊಡಬೇಕಾಗಿದ್ದುದರಿಂದ ಹೊಟ್ಟೆಯ ಚರ್ಮದ ಅಡಿಯ ವಿಶಾಲವಾದ ಸ್ಥಳವನ್ನು ಆರಿಸಿಕೊಂಡಿದ್ದರು. ನೋವಿಗಿಂತ ದೊಡ್ಡ ದೋಷವೊಂದು ಇದರಲ್ಲಿ ಇದ್ದಿತು. ಕುರಿಯ ಮಿದುಳಿನ ಅಂಶವು ದೇಹವನ್ನು ಹೊಕ್ಕು, ಕೆಲವರಲ್ಲಿ ಪಾರ್ಶ್ವವಾಯು ಮೊದಲಾದ ನರರೋಗಗಳನ್ನು ಉಂಟುಮಾಡುತ್ತಿದ್ದಿತು. ಆದರೂ ಬೇರೆ ಗತಿಯಿಲ್ಲದ ಕಾಲದಲ್ಲಿ ಲಕ್ಷಾಂತರ ಜನರು ಇದನ್ನೇ ಪಡೆದರು. ನನಗೆ ಆ ಸೂಜಿಯ ಮೇಲೆ ಈಗ ಕೋಪವಿಲ್ಲ.

ನರಭಾಗವಿಲ್ಲದ ಲಸಿಕೆಯನ್ನು 1960ರ ದಶಕದಲ್ಲಿ ಅಮೇರಿಕದ ವಿಸ್ಟಾರ್ ಸಂಸ್ಥೆಯಲ್ಲಿ ವಿಕ್ಟರ್, ಕೊಪ್ರೊವ್‌ಸ್ಕಿ, ಪ್ಲಾಟ್ಕಿನ್ ಎಂಬ ವಿಜ್ಞಾನಿಗಳು ಸಿದ್ಧಪಡಿಸಿದರು. ಮಾನವ ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ, ಅವುಗಳಲ್ಲಿ ವೈರಸ್ಸನ್ನು ಬೆಳೆಸುವ ಕ್ರಮವದು. ಇರಾನಿನಲ್ಲಿ ಹುಚ್ಚುತೋಳ, ಹುಚ್ಚುನಾಯಿಗಳು ಕಚ್ಚಿದ್ದ 45 ಜನರಿಗೆ ಇದನ್ನು ಕೊಡಲಾಗಿ, ಅವರೆಲ್ಲರೂ ಬದುಕಿದರೆಂದು 1976ರಲ್ಲಿ ಪ್ರಕಟವಾಯಿತು. ಬಳಿಕ ಇದೇ ಕ್ರಮದಿಂದ ಅಗ್ಗವಾದ ಲಸಿಕೆಗಳೂ ಬಂದುವು; ಅವು ನಮ್ಮ ದೇಶದಲ್ಲಿಯೂ ತಯಾರಾಗುತ್ತಿವೆ. ಕುರಿಮಿದುಳಿನ ಲಸಿಕೆಯ ತಯಾರಿಕೆಯು ಭಾರತದಲ್ಲಿ 2004–05ರ ಸುಮಾರಿಗೆ ನಿಂತುಹೋಯಿತು. ಹೊಟ್ಟೆಯ ಸೂಜಿಯ ಕಾಲ ಅಂದೇ ಮುಗಿಯಿತು.

ಬೆಂಗಳೂರಿನ ಸೇವೆ

ಹೊಸ ಲಸಿಕೆಯು ಒಳ್ಳೆಯದಾದರೂ ಬಡವರಿಗೆ ದುಬಾರಿಯಾಗಿದ್ದಿತು. ಇಲ್ಲಿ ನಮ್ಮ ನಾಡಿನ ವೈದ್ಯರು ಮಾಡಿದ ಕಾರ್ಯವನ್ನು ಸ್ಮರಿಸುವುದು ನ್ಯಾಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಎಸ್. ಎನ್. ಮಧುಸೂದನ ಅವರೂ ಕಿಮ್ಸ್ ವೈದ್ಯಕೀಯ ಕಾಲೇಜಿನ ಡಾ. ಎಂ. ಕೆ. ಸುದರ್ಶನ್ ಅವರೂ, ಲಸಿಕೆಯನ್ನು ಮಾಂಸಖಂಡಕ್ಕೆ ಕೊಡುವ ಬದಲು ಚರ್ಮದ ಪದರದೊಳಗೆ ಅತಿ ಸ್ವಲ್ಪವಾಗಿ ಕೊಟ್ಟರೂ ಸಾಲುವುದೆಂಬ ವಿಷಯದಲ್ಲಿ ಪರೀಕ್ಷೆಗಳನ್ನು ನಡೆಯಿಸಿದರು. ಚರ್ಮದಲ್ಲಿ ರೋಗನಿರೋಧಕ್ಕೆ ಎಚ್ಚರಿಕೆ ಕೊಡುವ ಜೀವಕೋಶಗಳು ಹೇರಳವಾಗಿರುವುದೇ ಇದಕ್ಕೆ ಕಾರಣ. 2006ರಲ್ಲಿ ಈ ಕ್ರಮಕ್ಕೆ ಭಾರತದಲ್ಲಿ ಅನುಮತಿಯು ದೊರೆಯಿತು. ಒಂದೊಂದು ತೋಳಿಗೆ 0.1 ಮಿಲಿಲೀಟರಿನಂತೆ ಕೊಡುವುದರಿಂದ ಒಬ್ಬರಿಗೆ ಮುಗಿಯುತ್ತಿದ್ದ ಸೀಸೆಯು ಹಲವರಿಗೆ ಒದಗುವಂತಾಯಿತು.

ಸುದರ್ಶನ್ ಅವರ ನೇತೃತ್ವದ 2003ರ ಸಮೀಕ್ಷೆಯು ಭಾರತದಲ್ಲಿ ವರ್ಷಕ್ಕೆ ಸುಮಾರು 20,000 ಜನರು ಈ ರೋಗದಿಂದ ಸಾಯುವರೆಂದು ಅಂದಾಜು ಮಾಡಿತ್ತು. ಇತ್ತೀಚಿನ ಇನ್ನೊಂದು ರಾಷ್ಟ್ರೀಯ ಸಮೀಕ್ಷೆಯ ಅಂದಾಜು ಸುಮಾರು 5,700. ಸಂಖ್ಯೆಯು ಇಳಿದುದು ಸಮಾಧಾನಕರವೇ. ಆದರೆ ಪೂರ್ತಿಯಾಗಿ ತಡೆಯಬಲ್ಲ ರೋಗದಿಂದ ಒಂದು ಮಗು ಸತ್ತರೂ ಅದು ಹೆಚ್ಚೇ. ಕರ್ನಾಟಕ ಸರ್ಕಾರವು 2022ರ ಡಿಸೆಂಬರಿನಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ರೋಗವೆಂದು ಸಾರಿತು.

ಮನೆಯವರು ಮಾಡತಕ್ಕದ್ದು

1. ಕಚ್ಚಿದ, ಪರಚಿದ ಗಾಯವನ್ನು ಕೂಡಲೆ ಸಾಬೂನಿನಿಂದ, ಹರಿಯುವ ನೀರಿನಲ್ಲಿ, ಗಡಿಯಾರ ನೋಡಿ 15 ನಿಮಿಷ ತೊಳೆಯಿರಿ. ವೈರಸ್ಸಿನ ಹೊರಪದರವು ಕೊಬ್ಬಿನದು. ಜಿಡ್ಡಿನ ಪಾತ್ರೆಯಂತೆ ಅದು ಸಾಬೂನಿಗೆ ಕರಗುವುದು.

2. ಸುಣ್ಣ, ಮೆಣಸಿನಪುಡಿ, ಅರಿಸಿನ, ಕಾಫಿಪುಡಿ ಯಾವುದನ್ನೂ ಗಾಯಕ್ಕೆ ತುಂಬಬೇಡಿರಿ. ಕಾಫಿಪುಡಿಯ ಸ್ಥಳ ಅಡಿಗೆಮನೆ.

3. ಅದೇ ದಿನ ಆಸ್ಪತ್ರೆಗೆ ಹೋಗಿರಿ. ತೋಳಿಗೆ ಕೊಡುವ ಲಸಿಕೆಯನ್ನು ಮೊದಲನೆಯ ದಿನ, ಬಳಿಕ ಮೂರು, ಏಳು, ಇಪ್ಪತ್ತೆಂಟು ದಿನಗಳು ಕಳೆದ ಮೇಲೆ ಕೊಡುವುದುಂಟು. ವೈದ್ಯರು ಹೇಳಿದ ದಿನವನ್ನು ತಪ್ಪಿಸಬಾರದು. ಗಾಯ ಮಾಯ್ದಿತೆಂದು ನಡುವೆ ನಿಲ್ಲಿಸಬಾರದು.

4. ಲಸಿಕೆಯಿಂದ ಶಕ್ತಿಯು ಹುಟ್ಟಲು ಒಂದು ವಾರಕ್ಕಿಂತ ಹೆಚ್ಚು ಕಾಲ ಬೇಕು. ರಕ್ತ ಬಂದ ಗಾಯವಾಗಿದ್ದರೆ ಆ ವರೆಗಿನ ರಕ್ಷಣೆಗಾಗಿ ಗಾಯದೊಳಕ್ಕೇ ಇಮ್ಯುನೋಗ್ಲಾಬುಲಿನ್ ಎಂಬ ಔಷಧವನ್ನು ಕೊಡಬೇಕು. ಇದನ್ನು ಕೇಳಿ ತಿಳಿಯಿರಿ.

5. ತಡವಾಯಿತೆಂದು ಸುಮ್ಮನಿರಬೇಡಿರಿ. ರೋಗಲಕ್ಷಣ ಕಾಣದಿರುವಾಗ ಎಷ್ಟು ದಿನ ಕಳೆದಿದ್ದರೂ ಚಿಕಿತ್ಸೆ ಪಡೆಯಲೇಬೇಕು.

6. ಮನೆಯ ನಾಯಿಬೆಕ್ಕುಗಳಿಗೂ, ತೋಟದ ಲೈನುಗಳಲ್ಲಿ ಅನ್ನ ತಿನ್ನುವ ನಾಯಿಗಳಿಗೂ ಪ್ರತಿ ವರ್ಷ ಲಸಿಕೆ ಹಾಕಿಸಿರಿ. ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆಯಾದರೆ ರೋಗವು ಹರಡುವುದು ನಿಲ್ಲುತ್ತದೆ.

ಇವೆಲ್ಲಕ್ಕೂ ಮೊದಲು ಮಾಡತಕ್ಕದ್ದು ಇನ್ನೊಂದಿದೆ. ಮಗುವು ಬಂದು “ನಾಯಿ ಕಚ್ಚಿತು” ಎಂದರೆ ಗದರಿಸಬೇಡಿರಿ. “ಅದರ ಹತ್ತಿರ ಏಕೆ ಹೋದೆ?” ಎಂಬ ಪ್ರಶ್ನೆಯನ್ನು ಗಾಯ ತೊಳೆದ ಮೇಲೆ ಕೇಳಬಹುದು. ಬೈಗುಳಕ್ಕೆ ಅಂಜಿದ ಮಗು ಮುಂದಿನ ಸಲ ಗಾಯವನ್ನು ಮುಚ್ಚುವುದು. ಮುಚ್ಚಿಟ್ಟ ಪ್ರತಿಯೊಂದು ದಿನವೂ ಶತ್ರುವಿಗೆ ಬಿಟ್ಟುಕೊಟ್ಟ ದಾರಿ.

ನನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಬೇಡಿಕೆ. ಹದಿನಾಲ್ಕು ಸೂಜಿಗಳ ಕಥೆಯನ್ನು ನಿಮ್ಮ ಮಕ್ಕಳಿಗೆ ಹೇಳಿದ್ದರೆ, ಅದರ ಕೊನೆಯ ಭಾಗವನ್ನೂ ಇಂದು ಸಂಜೆಯೇ ಹೇಳಿಬಿಡಿರಿ: ಆ ಸೂಜಿಗಳು ಹೋಗಿ ಇಪ್ಪತ್ತು ವರ್ಷಗಳಾದುವು, ಈಗ ತೋಳಿಗೆ ಇರುವೆ ಕಚ್ಚಿದಷ್ಟು ನೋವು ಮಾತ್ರ. ಈ ಉಪಮೆಯು ನನ್ನದಲ್ಲ. ಆಸ್ಪತ್ರೆಯಿಂದ ಹಿಂದಿರುಗುವಾಗ ಆ ಒಂಬತ್ತನೆಯ ತರಗತಿಯ ಹುಡುಗಿಯು ಹೇಳಿದುದು. ಈಗ ವಿದ್ಯಾರ್ಥಿನಿಲಯದಲ್ಲಿ ನಾನು ಅವಳ ಕಥೆಯನ್ನೇ ಹೇಳುತ್ತೇನೆ.