ಊರಿನ ಉದ್ಯಾನಗಳೂ ಪೌರರ ಅಭಿಪ್ರಾಯವೂ

ಪಟ್ಟಣಕ್ಕೆ ಉದ್ಯಾನಗಳು ಬೇಕೆಂದು ವಾದಿಸಿ ಗೆಲ್ಲಬೇಕಾದ ಕಾಲ ಕಳೆದುಹೋಯಿತು. ಈಗ ವಿಚಾರಮಾಡತಕ್ಕದ್ದು ಬೇರೆ: ಅವು ಎಲ್ಲಿರಬೇಕು, ಯಾರ ಉಪಯೋಗಕ್ಕಾಗಿ ಇರಬೇಕು ಎಂಬುದನ್ನು ಗೊತ್ತುಮಾಡುವವರು ಯಾರು? ನಮ್ಮ ದಾವಣಗೆರೆ, ಹರಿಹರಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಲು ಯತ್ನಿಸಿದ್ದೇನೆ.

ಈ ಎರಡು ಊರುಗಳಿಗೆ ಇರುವ ಅಂತರ ಸುಮಾರು 14 ಕಿಲೋಮೀಟರು. ಎರಡಕ್ಕೂ ಸೇರಿ ಒಂದೇ ನಗರಾಭಿವೃದ್ಧಿ ಪ್ರಾಧಿಕಾರವುಂಟು. ಜನರ ಬಾಯಲ್ಲಿ ಅದು ‘ದೂಡಾ’. ಯಾವ ಭೂಮಿ ವಾಸಕ್ಕೆ, ಯಾವುದು ಕೈಗಾರಿಕೆಗೆ, ಯಾವುದು ಉದ್ಯಾನಕ್ಕೆ ಎಂದು ವಿಂಗಡಿಸುವ ಮಹಾಯೋಜನೆಯನ್ನು ಸಿದ್ಧಪಡಿಸುವುದು ಅದರ ಕರ್ತವ್ಯ. ಇದಕ್ಕೆ ಆಧಾರವಾದುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ. ಅದರ 13ನೆಯ ಪ್ರಕರಣದಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕೆ ಸ್ಥಾನವಿದೆಯೆಂಬುದೇನೋ ನಿಜ. ಆದರೆ ಅದರ ಅನುಕ್ರಮವನ್ನು ನೋಡಬೇಕು. ಪ್ರಾಧಿಕಾರವು ಯೋಜನೆಯನ್ನು ಮೊದಲು ಸರ್ಕಾರಕ್ಕೆ ಕಳುಹಿಸುತ್ತದೆ. ಸರ್ಕಾರ ತನಗೆ ತೋರಿದ ಮಾರ್ಪಾಡುಗಳೊಡನೆ ಹಿಂದಿರುಗಿಸುತ್ತದೆ. ಆಮೇಲೆ ಅದು ಪ್ರಕಟವಾಗಿ, ಜನರು 60 ದಿನಗಳೊಳಗೆ ಬರೆಹದ ಮೂಲಕ ತಮ್ಮ ಅಭಿಪ್ರಾಯ ತಿಳಿಸಬಹುದು. ಅಂಗಿ ಹೊಲಿದಾದ ಮೇಲೆ ಮೈಯಳತೆ ಕೇಳಿದಂತಾಯಿತು ಇದು.

ಬರೆಯುವವರಾದರೂ ಯಾರು? ನಕ್ಷೆಯನ್ನು ಓದಬಲ್ಲವರು, ಸರ್ವೆ ನಂಬರು ತಿಳಿದವರು. ತಮ್ಮ ಜಮೀನು ಹಸುರು ಬಣ್ಣದಿಂದ ತಪ್ಪಿಸಿಕೊಳ್ಳಲೆಂದು ಬರೆಯುವವರೂ ಅವರಲ್ಲಿ ಇರುತ್ತಾರೆಂದು ಊಹಿಸುವುದು ಕಷ್ಟವಲ್ಲ. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದುಡಿಯುವ ಹೆಂಗಸಿಗೆ ಆ ನಕ್ಷೆ ಕಣ್ಣಿಗೆ ಬೀಳುವುದೇ ಇಲ್ಲ. ಬಡಾವಣೆ ರಚಿಸುವಾಗ ಉದ್ಯಾನಕ್ಕೆ ಜಾಗ ಬಿಡಬೇಕೆಂಬ ನಿಯಮವೂ ಭೂಮಿಯನ್ನು ಹೊಸದಾಗಿ ನಿವೇಶನಗಳಾಗಿ ಹಂಚುವಾಗ ಮಾತ್ರ ಫಲಿಸತಕ್ಕದ್ದು. ಹಳೆಯ ಊರಿನ ಇಕ್ಕಟ್ಟಾದ ಓಣಿಗಳಿಗೆ ಅದರಿಂದ ಪ್ರಯೋಜನವಿಲ್ಲ. ಹೀಗಾಗಿ ಬಯಲಿನ ಅವಶ್ಯಕತೆ ಹೆಚ್ಚಾಗಿರುವಲ್ಲಿಯೇ ಅದನ್ನು ಕೇಳುವ ದನಿ ಕ್ಷೀಣವಾಗಿದೆ.

ನಕ್ಷೆಯಲ್ಲಿ ಉದ್ಯಾನವೆಂದು ಗುರುತಾದ ಮಾತ್ರಕ್ಕೆ ನಿಶ್ಚಿಂತೆಯಿಂದಿರುವಂತೆಯೂ ಇಲ್ಲ. ಅದೇ ಅಧಿನಿಯಮದ 69ನೆಯ ಪ್ರಕರಣದಂತೆ, ಹಾಗೆ ಗುರುತಿಸಿದ ಭೂಮಿಯನ್ನು 5 ವರ್ಷಗಳೊಳಗೆ ಒಪ್ಪಂದದಿಂದ ಪಡೆಯದೆ, ಸ್ವಾಧೀನದ ಕ್ರಮವನ್ನೂ ಆರಂಭಿಸದೆ ಹೋದರೆ, ಆ ಗುರುತು ತಾನಾಗಿಯೇ ರದ್ದಾಗುತ್ತದೆ. ಇನ್ನು ಉದ್ಯಾನದ ಜಾಗ ಸರ್ಕಾರದ ಕೈಯಲ್ಲಿಯೇ ಇದ್ದಾಗ ಏನಾಗಬಹುದೆಂಬುದಕ್ಕೆ ಬೆಂಗಳೂರಿನ ಉದಾಹರಣೆಯುಂಟು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು 1976ರಲ್ಲಿ ಖಾಸಗಿ ಆಸ್ಪತ್ರೆಗಾಗಿ ಒಂದು ಟ್ರಸ್ಟಿಗೆ ಕೊಡಲಾಯಿತು. ಬಿ. ಎಸ್. ಮುದ್ದಪ್ಪ ಮೊದಲಾದ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪಿತ್ತು, ಪ್ರಶ್ನಿಸುವ ಹಕ್ಕು ನಿವಾಸಿಗಳಿಗೆ ಉಂಟೆಂದು ಹೇಳಿತು. ಗೆಲವು ದೊಡ್ಡದೇ, ಆದರೆ 15 ವರ್ಷ! ಅಷ್ಟರಲ್ಲಿ ಅಲ್ಲಿ ಆಡಬೇಕಾಗಿದ್ದ ಮಕ್ಕಳು ಕಾಲೇಜು ದಾಟಿರಬೇಕು.

ಆದುದರಿಂದ ನಕ್ಷೆ ಬರೆಯುವುದಕ್ಕೆ ಮುಂಚೆಯೇ ವಾರ್ಡುವಾರ್ಡಿನಲ್ಲಿ ಸಭೆ ಕೂಡಿಸಿ ಬಾಯಿಮಾತಿನಲ್ಲಿ ಕೇಳಬೇಕೆಂಬುದು ನನ್ನ ಅಭಿಪ್ರಾಯ. ಸಂವಿಧಾನದ 74ನೆಯ ತಿದ್ದುಪಡಿಯಿಂದ ಬಂದ 243-ಎಸ್ ಅನುಚ್ಛೇದ ವಾರ್ಡು ಸಮಿತಿಗಳನ್ನು ವಿಧಿಸಿದೆ. ಆದರೆ 3 ಲಕ್ಷವೋ ಅದಕ್ಕೆ ಮೇಲ್ಪಟ್ಟೋ ಜನಸಂಖ್ಯೆಯಿರುವ ಊರುಗಳಿಗೆ ಮಾತ್ರ. 2011ರ ಜನಗಣತಿಯಲ್ಲಿ ದಾವಣಗೆರೆಯ ಜನ 4 ಲಕ್ಷಕ್ಕೂ ಹೆಚ್ಚು, ಹರಿಹರದವರು 83 ಸಾವಿರದಷ್ಟು. ಒಂದೇ ಮಹಾಯೋಜನೆಯೊಳಗಿನ ಎರಡು ಊರುಗಳಲ್ಲಿ ಒಂದಕ್ಕೆ ಸಂವಿಧಾನದ ಕಟ್ಟಳೆ, ಇನ್ನೊಂದಕ್ಕೆ ರಾಜ್ಯದ ಇಚ್ಛೆ.

ಕೇಳಿದರೆ ಎಲ್ಲರೂ ಒಂದೇ ಮಾತು ಹೇಳಿಯಾರೆಂದು ನಾನು ನಂಬಿಲ್ಲ. ಕುಂದವಾಡ ಕೆರೆ ವಾಯುಸೇವನೆಗೆ ಬರುವವರಿಗೆ ಏರಿ, ಪಾಲಿಕೆಗೆ ಕುಡಿಯುವ ನೀರಿನ ಭಂಡಾರ, ಹಕ್ಕಿಗಳಿಗೆ ಮನೆ. ಮೊದಲನೆಯವರು ದೀಪ, ಬೆಂಚು ಕೇಳಿದರೆ ಮೂರನೆಯವಕ್ಕೆ ಕತ್ತಲೆಯೇ ಹಿತ. ಹಕ್ಕಿಗಳು ಅರ್ಜಿ ಬರೆಯಲಾರವಷ್ಟೆ; ಅವುಗಳ ಪರವಾಗಿ ಮಾತನಾಡಲು ಪ್ರಾಣಿಶಾಸ್ತ್ರ ಬಲ್ಲ ಅಧ್ಯಾಪಕರನ್ನು ಸಭೆಗೆ ಕರೆಯಬಹುದು.

ಹರಿಹರದ ತೊಡಕು ಇನ್ನೂ ಬೇರೆ. ಅಲ್ಲಿ ತುಂಗಭದ್ರೆಯ ದಡವೇ ಊರಿನ ದೊಡ್ಡ ಬಯಲು. ಈಚೆಯ ದಡ ನಮ್ಮ ಜಿಲ್ಲೆಯದು. ಆಚೆಯ ಕುಮಾರಪಟ್ಟಣವು ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿಗೆ ಸೇರಿದ್ದು. ದಡದುದ್ದಕ್ಕೂ ಉದ್ಯಾನ ಮಾಡುವುದಾದರೆ ಆಚೆಯ ಕಾರ್ಖಾನೆಗಳ ನೀರು, ಈಚೆಯ ಊರಿನ ಚರಂಡಿ, ಎರಡನ್ನೂ ಒಟ್ಟಿಗೆ ನೋಡಬೇಕು. ಮಹಾಯೋಜನೆಯನ್ನು 10 ವರ್ಷಗಳಿಗೊಮ್ಮೆ ಪರಿಷ್ಕರಿಸಬೇಕೆಂದು ಕಾನೂನೇ ಹೇಳುತ್ತದೆ. ಮುಂದಿನ ಪರಿಷ್ಕರಣದ ಸಭೆಯೊಂದನ್ನು ಹರಿಹರದ ನದೀತೀರದಲ್ಲಿಯೇ ನಡೆಸಿ, ಕುಮಾರಪಟ್ಟಣದವರನ್ನೂ ಅದಕ್ಕೆ ಕರೆಯಲು ಯಾವ ಅಡ್ಡಿಯೂ ನನಗೆ ಕಾಣುವುದಿಲ್ಲ.