ಎರ್ಲಾಂಗ್ ಕಲಿಯಲು ಯಾವ ಪುಸ್ತಕ? ಕೊಳ್ಳುವ ಮುನ್ನ ಆರು ಪರೀಕ್ಷೆ

ಬೆಳಗಿನ ಹೊತ್ತಿನ ದರ್ಶಿನಿಯನ್ನು ನೆನಪಿಸಿಕೊಳ್ಳಿ. ಕ್ಯಾಷ್ ಕೌಂಟರಿನವರು ಬಿಲ್ ಹರಿದು ಕೊಡುತ್ತಾರೆ. ಒಂದು ಚೀಟಿ ದೋಸೆಯವರ ಮುಂದೆ, ಇನ್ನೊಂದು ಕಾಫಿಯವರ ಮುಂದೆ. ಮೂವರೂ ಒಂದೇ ಹೊತ್ತಿಗೆ ದುಡಿಯುತ್ತಾರೆ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವುದಿಲ್ಲ. ನಡುವೆ ಓಡಾಡುವುದು ಚೀಟಿ ಮಾತ್ರ. ಕಾಫಿ ಫಿಲ್ಟರ್ ಕೈಕೊಟ್ಟರೂ ಕಾವಲಿಯ ಮೇಲೆ ದೋಸೆ ಬೇಯುತ್ತಲೇ ಇರುತ್ತದೆ.

ಎರ್ಲಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆ ನಡೆಯುವುದೂ ಹೆಚ್ಚುಕಡಿಮೆ ಹೀಗೆಯೇ. ಇಲ್ಲಿ ಕೆಲಸಗಾರನಿಗೆ ‘ಪ್ರೊಸೆಸ್’ ಎಂದು ಹೆಸರು, ಚೀಟಿಗೆ ‘ಮೆಸೇಜ್’. ಸ್ವೀಡನ್ನಿನ ಎರಿಕ್ಸನ್ ಕಂಪನಿಯ ಪ್ರಯೋಗಾಲಯದಲ್ಲಿ ಜೋ ಆರ್ಮ್‌ಸ್ಟ್ರಾಂಗ್, ರಾಬರ್ಟ್ ವಿರ್ಡಿಂಗ್ ಮತ್ತು ಮೈಕ್ ವಿಲಿಯಮ್ಸ್ 1986ರ ಸುಮಾರಿಗೆ ಇದನ್ನು ಕಟ್ಟಲು ಶುರುಮಾಡಿದರು. ಸಾವಿರಾರು ಕರೆಗಳನ್ನು ಒಟ್ಟಿಗೆ ನಡೆಸಬೇಕಾದ, ಎಂದೂ ನಿಲ್ಲಬಾರದ ಟೆಲಿಫೋನ್ ಎಕ್ಸ್‌ಚೇಂಜ್‌ಗಳು ಅವರ ಕಣ್ಣಮುಂದಿದ್ದವು. 1998ರಲ್ಲಿ ಭಾಷೆ ಎಲ್ಲರಿಗೂ ಮುಕ್ತವಾಯಿತು. ವಾಟ್ಸ್‌ಆ್ಯಪ್‌ ತನ್ನ ಸರ್ವರ್‌ಗಳಿಗೆ ಆರಿಸಿಕೊಂಡಿದ್ದು ಇದನ್ನೇ.

ಭಾಷೆಯ ವ್ಯಾಕರಣ ಚಿಕ್ಕದು, ಒಂದೆರಡು ವಾರದಲ್ಲಿ ಕೈಗೆ ಹತ್ತುತ್ತದೆ. ಕಷ್ಟವಿರುವುದು ಯೋಚಿಸುವ ಬಗೆಯಲ್ಲಿ. ಅದನ್ನು ಕಲಿಸದ ಪುಸ್ತಕ ಎಷ್ಟು ದಪ್ಪಗಿದ್ದರೂ ಪ್ರಯೋಜನವಿಲ್ಲ. ಹಣ ಕೊಡುವ ಮುನ್ನ ಈ ಆರು ಪರೀಕ್ಷೆ ಮಾಡಿ ನೋಡಿ.

1. ನಿಮ್ಮ ಅಗತ್ಯ ಯಾವುದು?

ಪ್ರೋಗ್ರಾಮಿಂಗ್‌ಗೇ ಹೊಸಬರೇ? ಜಾವಾ, ಪೈಥಾನ್ ಬರೆದು ಪಳಗಿದವರೇ? ಅಥವಾ ಆಫೀಸಿನಲ್ಲಿ ನಾಳೆಯಿಂದಲೇ ಎರ್ಲಾಂಗ್ ಕೋಡ್ ನೋಡಿಕೊಳ್ಳಬೇಕೇ? ಈ ಮೂವರಿಗೂ ಒಂದೇ ಪುಸ್ತಕ ಹೊಂದುವುದಿಲ್ಲ. ನೀವು ಯಾರೆಂದು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಮುನ್ನುಡಿಯಲ್ಲಿ ‘ಈ ಪುಸ್ತಕ ಯಾರಿಗೆ’ ಎಂದಿರುವ ಭಾಗದ ಜೊತೆ ಅದನ್ನು ತಾಳೆ ನೋಡಿ.

2. ಪರಿವಿಡಿಯಲ್ಲಿ ಪ್ರೊಸೆಸ್ ಎಲ್ಲಿದೆ?

ಲಿಸ್ಟ್, ಟ್ಯೂಪಲ್, ಪ್ಯಾಟರ್ನ್ ಮ್ಯಾಚಿಂಗ್ ಮೊದಲು ಬರುವುದು ಸಹಜ. ಆದರೆ ಪುಸ್ತಕದ ಅರ್ಧ ದಾಟಿದರೂ ಪ್ರೊಸೆಸ್ ಹುಟ್ಟಿಸುವ ‘ಸ್ಪಾನ್’ ಕಾಣಿಸದಿದ್ದರೆ ಲೇಖಕರು ಬೇರೆ ಭಾಷೆಯ ಪಾಠವನ್ನೇ ಎರ್ಲಾಂಗ್ ವೇಷದಲ್ಲಿ ಹೇಳುತ್ತಿದ್ದಾರೆ ಎಂದು ಅರ್ಥ.

3. ಕೆಡುವುದನ್ನು ಕಲಿಸುತ್ತದೆಯೇ?

ಆರರಲ್ಲಿ ಮುಖ್ಯವಾದದ್ದು ಇದು. ಬಹುತೇಕ ಭಾಷೆಗಳಲ್ಲಿ ತಪ್ಪನ್ನು ಅದು ನಡೆದಲ್ಲೇ ಹಿಡಿದು ಸರಿಮಾಡುವ ರೂಢಿಯಿದೆ. ಎರ್ಲಾಂಗ್‌ನಲ್ಲಿ ಕೆಟ್ಟ ಪ್ರೊಸೆಸ್ ಸಾಯಲಿ ಎಂದು ಬಿಟ್ಟು, ಅದನ್ನು ಕಾಯುವ ‘ಸೂಪರ್‌ವೈಸರ್’ ಹೊಸದೊಂದನ್ನು ಎಬ್ಬಿಸುವಂತೆ ಮಾಡುತ್ತಾರೆ.

ಇದನ್ನು ಕೈಯಾರೆ ನೋಡಬಹುದು. ಎರ್ಲಾಂಗ್ ಷೆಲ್ ತೆರೆದು ‘ಸೆಲ್ಫ್’ ಎಂದು ಕೇಳಿ, ಬಂದ ಪ್ರೊಸೆಸ್ ಸಂಖ್ಯೆಯನ್ನು ಬರೆದುಕೊಳ್ಳಿ. ಒಂದು ವೇರಿಯಬಲ್‌ನಲ್ಲಿ ಏನಾದರೂ ಇಡಿ. ಈಗ ‘ಸ್ಪಾನ್ ಲಿಂಕ್’ನಿಂದ ಹೊಸ ಪ್ರೊಸೆಸ್ ಹುಟ್ಟಿಸಿ, ಒಂದನ್ನು ಸೊನ್ನೆಯಿಂದ ಭಾಗಿಸಲು ಹೇಳಿ. ಅದು ಸಾಯುತ್ತದೆ, ತೆರೆಯ ಮೇಲೆ ದೋಷದ ವರದಿ ಸುರಿಯುತ್ತದೆ. ಮತ್ತೆ ‘ಸೆಲ್ಫ್’ ಕೇಳಿದರೆ ಸಂಖ್ಯೆ ಬೇರೆ! ಲಿಂಕ್ ಇದ್ದುದರಿಂದ ಷೆಲ್‌ನ ಪ್ರೊಸೆಸ್ ಕೂಡ ಜೊತೆಯಲ್ಲೇ ಸತ್ತು, ಅದರ ಜಾಗದಲ್ಲಿ ಹೊಸದು ಕೂತಿದೆ. ನೀವು ಇಟ್ಟ ವೇರಿಯಬಲ್ ಮಾತ್ರ ಹಾಗೆಯೇ ಇದೆ.

ಸಂಖ್ಯೆ ಯಾಕೆ ಬದಲಾಯಿತು, ವೇರಿಯಬಲ್ ಹೇಗೆ ಉಳಿಯಿತು? ‘ಲಿಂಕ್’, ‘ಮಾನಿಟರ್’, ‘ಎಕ್ಸಿಟ್ ಸಿಗ್ನಲ್’ ಕುರಿತ ಅಧ್ಯಾಯವನ್ನು ಓದಿ. ಈ ಪ್ರಶ್ನೆಯ ಮೊದಲ ಅರ್ಧಕ್ಕಾದರೂ ಅಲ್ಲಿ ಉತ್ತರ ಸಿಕ್ಕರೆ ಪುಸ್ತಕ ಪಾಸು.

4. ಯಾವ ವರ್ಷದ ಆವೃತ್ತಿ?

ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಅಗ್ಗಕ್ಕೆ ಸಿಕ್ಕಿತೆಂದು ನಾನೂ ಒಮ್ಮೆ ಆವೃತ್ತಿ ನೋಡದೆ ಕೊಂಡು, ಅರ್ಧ ಉದಾಹರಣೆಗಳಿಗೆ ಎಚ್ಚರಿಕೆಯ ಸಾಲುಗಳು ಬಂದಾಗ ಪೇಚಾಡಿದ್ದೆ. ಪುಟ ತಿರುವುವಾಗ ನಾಲ್ಕು ಗುರುತು ಸಾಕು. ‘ಮ್ಯಾಪ್’ ಎಂಬ ದತ್ತಾಂಶ ಬಗೆ ಭಾಷೆಗೆ ಸೇರಿದ್ದು 2014ರಲ್ಲಿ. ಸಮಯ ಕೇಳಲು ‘ನೌ’ ಬಳಸುವುದು ಈಗ ಬೇಡವೆಂದಾಗಿದೆ. ‘ರ‍್ಯಾಂಡಮ್’ ಜಾಗಕ್ಕೆ ‘ರ‍್ಯಾಂಡ್’ ಬಂದಿದೆ. ‘ಜೆನ್ ಎಫ್‌ಎಸ್‌ಎಂ’ ಬದಲಿಗೆ 2016ರಿಂದ ‘ಜೆನ್ ಸ್ಟೇಟೆಂ’ ಇದೆ. ಪುಸ್ತಕ ಹಳೆಯದಾದ ಮಾತ್ರಕ್ಕೆ ಕೆಟ್ಟದ್ದಲ್ಲ. ಪ್ರೊಸೆಸ್, ಮೆಸೇಜ್‌ಗಳ ಮೂಲಪಾಠ ಇಂದಿಗೂ ಅದೇ. ಯಾವ ಭಾಗ ಹಳತಾಗಿದೆ ಎಂಬುದು ಗೊತ್ತಿದ್ದರೆ ಸಾಕು.

5. ಒಟಿಪಿ ಯಾವಾಗ ಬರುತ್ತದೆ?

ಒಟಿಪಿ ಎಂದರೆ ಬ್ಯಾಂಕಿನ ಗುಪ್ತಸಂಖ್ಯೆಯಲ್ಲ. ಎರ್ಲಾಂಗ್ ಜೊತೆ ಬರುವ ಸಿದ್ಧ ಚೌಕಟ್ಟುಗಳ ಗಂಟು ಅದು. ಕಂಪನಿಗಳಲ್ಲಿ ನಡೆಯುವುದು ಅದೇ. ಮೊದಲು ಕೈಯಿಂದ ಒಂದು ಪುಟ್ಟ ಸರ್ವರ್ ಬರೆಸಿ, ಆಮೇಲೆ ಅದನ್ನೇ ‘ಜೆನ್ ಸರ್ವರ್’ಗೆ ಬದಲಿಸುವ ಪುಸ್ತಕ ಒಳ್ಳೆಯದು. ಮೊದಲ ದಿನವೇ ಒಟಿಪಿ ಹೇರಿದರೆ ಬಾಯಿಪಾಠವಾಗುತ್ತದೆ. ಒಟಿಪಿಯೇ ಇಲ್ಲದಿದ್ದರೆ ಕಲಿಕೆ ಅರ್ಧಕ್ಕೇ ನಿಲ್ಲುತ್ತದೆ.

6. ಹತ್ತು ಪುಟ ಟೈಪ್ ಮಾಡಿ

ಉಚಿತ ಮಾದರಿ ಅಧ್ಯಾಯ ಸಿಕ್ಕರೆ ಓದುವುದಷ್ಟೇ ಅಲ್ಲ, ಉದಾಹರಣೆಗಳನ್ನು ನಕಲು ಮಾಡಿ ಅಂಟಿಸದೆ ಟೈಪ್ ಮಾಡಿ. ಅಧ್ಯಾಯದ ಕೊನೆಯ ಅಭ್ಯಾಸಗಳಲ್ಲಿ ಒಂದನ್ನಾದರೂ ಬಿಡಿಸಿ. ಲೇಖಕರ ವಿವರಣೆ ನಿಮಗೆ ಒಗ್ಗುತ್ತದೆಯೇ ಎಂಬುದು ಒಂದು ಗಂಟೆಯಲ್ಲಿ ತಿಳಿಯುತ್ತದೆ.

ಯಾರಿಗೆ ಯಾವುದು?

* ಕಾಸು ಖರ್ಚಿಲ್ಲದೆ ಶುರುಮಾಡುವವರಿಗೆ: ಫ್ರೆಡ್ ಹೆಬೆರ್ ಅವರ ‘ಲರ್ನ್ ಯು ಸಮ್ ಎರ್ಲಾಂಗ್ ಫಾರ್ ಗ್ರೇಟ್ ಗುಡ್’. ಮುದ್ರಿತ ಪ್ರತಿ 2013ರದ್ದು. ಅಂತರಜಾಲದಲ್ಲಿ ಇಡೀ ಪುಸ್ತಕ ಉಚಿತ. ಮ್ಯಾಪ್ ಕುರಿತ ಅಧ್ಯಾಯವನ್ನು ಅಲ್ಲಿ ಆಮೇಲೆ ಸೇರಿಸಿದ್ದಾರೆ. ತಮಾಷೆಯ ಧಾಟಿ, ಚಿತ್ರಗಳೂ ಇವೆ.
* ಬೇರೆ ಭಾಷೆ ಬಲ್ಲವರಿಗೆ: ಭಾಷೆ ಕಟ್ಟಿದವರಲ್ಲೊಬ್ಬರಾದ ಆರ್ಮ್‌ಸ್ಟ್ರಾಂಗ್ ಅವರ ‘ಪ್ರೋಗ್ರಾಮಿಂಗ್ ಎರ್ಲಾಂಗ್’. 2013ರ ಎರಡನೇ ಆವೃತ್ತಿಯನ್ನೇ ಕೇಳಿ ತೆಗೆದುಕೊಳ್ಳಿ.
* ಅಭ್ಯಾಸ ಮಾಡುತ್ತಾ ಕಲಿಯುವವರಿಗೆ: ಫ್ರಾನ್ಸೆಸ್ಕೊ ಚೆಸಾರಿನಿ ಮತ್ತು ಸೈಮನ್ ಥಾಂಪ್ಸನ್ ಅವರ ‘ಎರ್ಲಾಂಗ್ ಪ್ರೋಗ್ರಾಮಿಂಗ್’. 2009ರದ್ದಾದ್ದರಿಂದ ನಾಲ್ಕನೇ ಪರೀಕ್ಷೆಯನ್ನು ಮರೆಯಬೇಡಿ.
* ಕೆಲಸಕ್ಕೆ ಬೇಕಾದವರಿಗೆ: ಚೆಸಾರಿನಿ ಮತ್ತು ಸ್ಟೀವ್ ವಿನೋಸ್ಕಿ ಅವರ ‘ಡಿಸೈನಿಂಗ್ ಫಾರ್ ಸ್ಕೇಲಬಿಲಿಟಿ ವಿತ್ ಎರ್ಲಾಂಗ್/ಒಟಿಪಿ’, 2016. ಮೊದಲ ಪುಸ್ತಕವಾಗಿ ಇದು ಬೇಡ. ಎರಡನೆಯದಾಗಿ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಒಟ್ಟಿಗೆ ಎರಡು ಮೂರು ಕೊಳ್ಳಬೇಡಿ. ಹೆಬೆರ್ ಪುಸ್ತಕದ ಮೊದಲ ಕೆಲವು ಅಧ್ಯಾಯಗಳನ್ನು ಉಚಿತವಾಗಿ ಓದಿ, ಸೊನ್ನೆಯ ಪ್ರಯೋಗ ಮಾಡಿ. ಕುತೂಹಲ ಉಳಿದರೆ ಆಗ ಅಂಗಡಿಗೆ ಹೋಗಿ, ನಿಮಗೆ ಹೊಂದುವ ಒಂದನ್ನು ಕೊಂಡು ಅದನ್ನು ಕೊನೆಯ ಪುಟದವರೆಗೆ ಓದಿ ಮುಗಿಸಿ.